ಲಾಡಬಿ ಆರಿಸಿದ ಹರಗೋಲು

ಇಳಕಲ್ಲಿನ ಯಾಕೂಬಸಾಬರು ಮಗ್ಗದಿಂದ ಎದ್ದು ಬಂದರೂ ಅವರ ಕಾಲುಗಳು ಎದ್ದು ಬರುತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಗಿನ ಮಗ್ಗಗಳು ಕುಣಿ ಮಗ್ಗಗಳು. ಮನೆಯ ನೆಲದಲ್ಲಿ ಒಂದು ಕುಣಿ ತೋಡಿರುತ್ತಿದ್ದರು. ನೇಕಾರನು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಒಳಗೆ ಇಳಿಬಿಡಬೇಕು. ಕುಣಿಯ ತಳದಲ್ಲಿ ಎರಡು ಹಲಗೆಗಳು. ಬಲಗಾಲಿನಿಂದ ಒಂದನ್ನು ತುಳಿದರೆ ಅರ್ಧ ಎಳೆಗಳು ಮೇಲೇಳುತ್ತವೆ, ಎಡಗಾಲಿನಿಂದ ಇನ್ನೊಂದನ್ನು ತುಳಿದರೆ ಉಳಿದರ್ಧ ಮೇಲೇಳುತ್ತವೆ. ಪ್ರತಿ ತುಳಿತಕ್ಕೊಮ್ಮೆ ಅಡ್ಡನೂಲು ಹೊತ್ತ ಲಾಳಿಯನ್ನು ಈ ಕೈಯಿಂದ ಆ ಕೈಗೆ ಎಸೆಯಬೇಕು. ಯಾಕೂಬಸಾಬರು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಈ ಕುಣಿಗೆ ಇಳಿದವರು. ನಡುವಯಸ್ಸಿಗೆ ಬರುವ ಹೊತ್ತಿಗೆ ಅವರ ಕಾಲುಗಳು ಯಜಮಾನನನ್ನು ಕೇಳುವುದನ್ನೇ ಬಿಟ್ಟಿದ್ದವು. ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತರೆ ಗಾಳಿಯನ್ನು ತುಳಿಯುತ್ತಿದ್ದವು. ಕ್ಷೌರಕ್ಕೆ ಕುಳಿತರೆ ನೆಲವನ್ನು ತುಳಿಯುತ್ತಿದ್ದವು, ಹಾಗಾಗಿ ಅವರ ಗಡ್ಡ ಒಂದು ಕಡೆ ಯಾವಾಗಲೂ ತುಸು ಮೇಲಿರುತ್ತಿತ್ತು. ರಾತ್ರಿ ಹೊದ್ದ ಕೌದಿಯ ಕಾಲಿನ ತುದಿ ವರ್ಷಕ್ಕೊಮ್ಮೆ ಹರಿಯುತ್ತಿತ್ತು. ಅವರ ಹೆಂಡತಿ ಲಾಡಬಿ ಕೊನೆಗೆ ಆ ತುದಿಗೆ ಗೋಣಿತಟ್ಟು ಹೊಲಿದಳು. ಅದೂ ಹರಿಯಿತು.

ಯಾಕೂಬಸಾಬರ ಇನ್ನೊಂದು ಗುಣ ಪರೀಕ್ಷೆ. ಸೀರೆಯ ಸೆರಗಿನಲ್ಲಿ ಎಳೆ ತಪ್ಪಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುವುದು ಅವರಿಗೆ ರೂಢಿ. ಸಂತೆಗೆ ಹೋದರೆ ಬದನೆಕಾಯಿಯನ್ನೂ ಹಾಗೆಯೇ ಬಿಸಿಲಿಗೆ ಹಿಡಿಯುತ್ತಿದ್ದರು. ಬದನೆಕಾಯಿಯ ಮೂಲಕ ಬಿಸಿಲು ಕಾಣುವುದಿಲ್ಲ ಎಂದು ಕಾಯಿಪಲ್ಲೆ ಮಾರುವಾಕೆ ಎಷ್ಟೋ ಸಲ ಹೇಳಿದ್ದಳು. ಅವರು ತಲೆ ಅಲ್ಲಾಡಿಸಿ ಮುಂದಿನ ಕಾಯಿ ಎತ್ತಿಕೊಳ್ಳುತ್ತಿದ್ದರು. ಹೀಗಾಗಿ ಮನೆಗೆ ಬೇಕಾದುದೆಲ್ಲವನ್ನೂ ಅವರೇ ಆರಿಸುತ್ತಿದ್ದರು. ಲಾಡಬಿ ಉಡುವ ಸೀರೆ, ತೊಡುವ ಬಳೆ, ಅಡುಗೆಯ ಮಡಕೆ, ಅಂಗಳದ ಆಡು, ಎಲ್ಲವೂ ಯಾಕೂಬಸಾಬರ ಪರೀಕ್ಷೆಯಲ್ಲಿ ಪಾಸಾಗಿ ಬಂದವು. ಆ ಆಡು ಹಾಲು ಕೊಡುತ್ತಿರಲಿಲ್ಲ. ಆದರೆ ಅದರ ಕೂದಲು ಒತ್ತಾಗಿದ್ದವು ಎಂದು ಅವರು ಸಮಾಧಾನ ಹೇಳುತ್ತಿದ್ದರು.

ಸಾವಿರದ ಒಂಬೈನೂರ ಏಳನೆಯ ಇಸವಿಯ ಮಳೆಗಾಲದಲ್ಲಿ ಪಕ್ಕದ ಮನೆಯ ದುರ್ಗವ್ವ ಗಂಡನೊಡನೆ ಕಾಶಿಗೆ ಹೋಗಿ ಬಂದಳು. ಅವರದೂ ನೇಕಾರರ ಮನೆಯೇ. ಹೋಗುವ ಮೊದಲು ದುರ್ಗವ್ವ ಎಲ್ಲರಂಥ ಹೆಂಗಸಾಗಿದ್ದಳು. ಬಂದ ಮೇಲೆ ಆಕೆಯೊಡನೆ ಯಾವ ಮಾತು ತೆಗೆದರೂ ಅದು ಗಂಗೆಯ ನಾವೆಗೆ ಹೋಗಿ ಮುಟ್ಟುತ್ತಿತ್ತು.

"ದುರ್ಗವ್ವತ್ತಿ, ನಿಮ್ಮ ಬ್ಯಾಳಿ ಹೊತ್ತೈತೇನು ನೋಡ್ರಿ, ವಾಸನಿ ಬರಾಕತ್ತೈತಿ," ಎಂದು ಲಾಡಬಿ ಹೇಳಿದರೆ ಆಕೆ ಎದ್ದು ಹೋಗುತ್ತಿರಲಿಲ್ಲ.

"ಹೊತ್ತಿರಬೇಕವಾ. ಗಂಗಾದಾಗ ನಾವಿ ಏರಿದಾಗೂ ಹಿಂಗ ಒಂದು ವಾಸನಿ ಬಂದಿತ್ತು ನೋಡು. ಅದ ಬ್ಯಾರೆ ವಾಸನಿ. ಅದರ ಮುಂದ ಇದೇನೂ ಅಲ್ಲ."

ಒಂದು ಮಧ್ಯಾಹ್ನ ಆಕೆ ಆ ನಾವೆಯ ವಿಷಯವನ್ನು ಪೂರ್ತಿಯಾಗಿ ಹೇಳಿದಳು. ಲಾಡಬಿ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ತುಂಬುತ್ತಿದ್ದಳು. ಯಾಕೂಬಸಾಬರು ಕುಣಿಯಲ್ಲಿದ್ದರು.

"ಘಾಟಿನ ಮುಂದ ಸಾಲಾಗಿ ನಾವಿ ನಿಂತಿರ್ತಾವವಾ. ದೊಡ್ಡವು, ಸಣ್ಣವು, ಬಣ್ಣ ಬಳದವು. ಯಾವುದು ಬೇಕೋ ಆರಿಸ್ಕೋಬೇಕು. ಏರಿ ಕುಂತು ಊರು ನೋಡಬೇಕು. ನೋಡಿ ನೋಡಿ ಮತ್ತ ಏರಿದಲ್ಲೇ ಬಂದು ಇಳೀಬೇಕು."

ಯಾಕೂಬಸಾಬರು ಕುಣಿಯಿಂದಲೇ ನಕ್ಕರು. "ಏರಿದಲ್ಲೇ ಇಳಿಯೂದಾದ್ರ ಏರೂದ್ಯಾಕ?"

"ನೋಡಾಕಪಾ."

"ದಂಡಿ ಮ್ಯಾಲ ನಿಂತ್ರ ಕಾಣೂದಿಲ್ಲೇನು?"

"ನಾವಿ ಏರದವರಿಗೆ ಅದು ತಿಳಿಯೂದಿಲ್ಲ ಬಿಡು," ಎಂದು ದುರ್ಗವ್ವ ಮರುಕದಿಂದ ಹೇಳಿದಳು.

ಲಾಡಬಿ ನಗಲಿಲ್ಲ. ಅವಳ ರಾಟಿ ನಿಂತಿತ್ತು. "ಅತ್ತಿ, ನಿಮ್ಮ ನಾವಿ ಯಾರು ಆರಿಸಿದ್ರು?"

"ನಾನ ಆರಿಸಿದೆ! ಇವರು ಬಿಸಲಿಗೆ ತಲಿ ತಿರುಗಿ ಮೆಟ್ಟಲ ಮ್ಯಾಲ ಮಕ್ಕೊಂಡಿದ್ರು. ಹಳದಿ ನಾವಿ. ಬೊಟ್ಟು ಮಾಡಿ ತೋರಿಸಿದೆ, ಅಂವಾ ತಂದು ನಿಲ್ಲಿಸಿದ."

ಆ ಸಂಜೆ ಲಾಡಬಿ ಗಂಡನ ಮುಂದೆ ರೊಟ್ಟಿ ಇಟ್ಟು ಹೇಳಿದಳು. "ಹಬ್ಬದ ಸೂಟಿಗೆ ಬಾಗಲಕೋಟಿಗೆ ಹೋಗೂಣು. ಅಲ್ಲಿ ಹೊಳಿ ಐತಿ. ನಾನೂ ನಾವಿ ಏರ್ತೇನಿ."

"ಹೂಂ, ನೋಡೂಣು."

"ನಾವಿ ನಾ ಆರಿಸ್ತೇನಿ."

ಯಾಕೂಬಸಾಬರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ನಿನಗ ನಾವಿ ಬಗ್ಗೆ ಏನ್ ಗೊತ್ತೈತಿ?"

"ನಿಮಗೇನ್ ಗೊತ್ತೈತಿ? ನಾ ಆರಿಸ್ತೇನಿ, ಅಷ್ಟ. ಇಲ್ಲಾಂದ್ರ ಹಬ್ಬ ಆದ ಮ್ಯಾಲ ನಾ ರಾಟಿ ಮುಟ್ಟೂದಿಲ್ಲ. ಕಂಡಿಕಿ ನೀವ ಸುತ್ಕೋರಿ."

ಇದು ಸಣ್ಣ ಮಾತಾಗಿರಲಿಲ್ಲ. ಕಂಡಿಕೆ ಇಲ್ಲದಿದ್ದರೆ ಲಾಳಿ ಖಾಲಿ, ಲಾಳಿ ಖಾಲಿಯಾದರೆ ಮಗ್ಗ ಬರೇ ಕಟ್ಟಿಗೆ. ಲಾಡಬಿ ಒಮ್ಮೆ ತವರಿಗೆ ಗುಡೂರಿಗೆ ಹೋದಾಗ ಯಾಕೂಬಸಾಬರು ತಾವೇ ಕಂಡಿಕೆ ಸುತ್ತಿದ್ದರು. ಅವು ಉಳ್ಳಾಗಡ್ಡಿಯ ಹಾಗೆ ನಡುವೆ ಉಬ್ಬಿಕೊಂಡು ಲಾಳಿಯೊಳಗೆ ಹಿಡಿಸಲಿಲ್ಲ. ಹಿಡಿಸಿದ ಒಂದೆರಡು ಅರ್ಧ ದಾರಿಯಲ್ಲಿ ಗಂಟು ಬಿದ್ದವು. ಅವರು ಹೊರಗೆ ಹೋಗಿ, ಗುಡೂರಿನ ದಾರಿ ನೋಡುತ್ತ ಕಟ್ಟೆಯ ಮೇಲೆ ಕುಳಿತಿದ್ದರು, ಕಾಲು ತುಳಿಯುತ್ತ.

ಅವರು ಒಪ್ಪಿಕೊಂಡರು. ಹಬ್ಬಕ್ಕೆ ಇನ್ನೂ ದಿನವಿತ್ತು, ಅಷ್ಟರಲ್ಲಿ ಮರೆತಾಳು ಎಂದು ಅವರ ಲೆಕ್ಕ.

ಲಾಡಬಿ ಮರೆಯಲಿಲ್ಲ. ಆ ವರ್ಷ ದೀಪಾವಳಿ ಮತ್ತು ರಮಜಾನ್ ಹಬ್ಬ ಒಂದರ ಬೆನ್ನಿಗೆ ಒಂದು ಬಂದಿದ್ದವು. ಹೀಗಾಗಿ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾದವು. ಹಬ್ಬದ ಮರುದಿನ ದುರ್ಗವ್ವನ ಮಗ ಮುತ್ತಪ್ಪ ಸೀರೆಯ ಗಂಟುಗಳನ್ನು ಹೇರಿಕೊಂಡು ಬಾಗಲಕೋಟೆಯ ರೈಲು ಸ್ಟೇಶನ್ನಿಗೆ ಗಾಡಿ ಹೊಡೆಯುವವನಿದ್ದ. ಅಲ್ಲಿಂದ ನೂಲಿನ ಗಂಟು ತರಬೇಕು. ಅವನು ನೊಗ ಕಟ್ಟುವ ಹೊತ್ತಿಗೆ ಲಾಡಬಿ ಬುತ್ತಿ ಕಟ್ಟಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗಂಟುಗಳ ನಡುವೆ ಜಾಗ ಮಾಡಿ ಕುಳಿತಿದ್ದಳು.

"ಏನ್ ವೈನಿ, ಖರೇನ ಹೊಂಟೀರಾ?" ಎಂದ ಮುತ್ತಪ್ಪ. "ನಮ್ಮವ್ವ ಅನ್ನಾಕತ್ತಿದ್ಲು, ಬಾಗಲಕೋಟಿ ಹೊಳ್ಯಾಗ ನಾವಿ ಏರೂದು ಅಂದ್ರ ಜೋಳ ತುಂಬೋ ಹಗೇದಾಗ ಈಜಿದಂಗ ಅಂತ."

"ನಿಮ್ಮವ್ವಗ ಹೇಳು, ಬಂದ ಮ್ಯಾಲ ಮಾತಾಡ್ತೇನಿ ಅಂತ."

ಯಾಕೂಬಸಾಬರು ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತರು. ಹುನಗುಂದ ದಾಟುವವರೆಗೂ ಗಾಳಿ ತುಳಿದರು. ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿದರು. ಒಂದು ತುಂಡು ಮುರಿದು ಬೆಲ್ಲದ ಎಳೆ ನೋಡಿದರು, ಇನ್ನೊಂದನ್ನು ಬಿಸಿಲಿಗೆ ಹಿಡಿದರು, ಮೂರನೆಯದನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದರು. ಎತ್ತುಗಳು ಬೇಸತ್ತು ನೊಗದಲ್ಲೇ ಮಲಗಿದವು.

"ಯಾಕೂಬಣ್ಣಾ, ಅದು ತಿನ್ನಾಕ ಐತಿ, ಮದುವಿ ಮಾಡ್ಕೊಳ್ಳಾಕಲ್ಲ!" ಎಂದು ಮುತ್ತಪ್ಪ ಕೂಗಿದ.

ಲಾಡಬಿ ಗಾಡಿಯಿಂದಲೇ ನೋಡುತ್ತಿದ್ದಳು. ಗಂಡ ಪೊಟ್ಟಣ ಹಿಡಿದು ಬಂದಾಗ ಮೆಲ್ಲಗೆ ಹೇಳಿದಳು. "ನಾವಿ ನಾ ಆರಿಸ್ತೇನಿ. ನೆನಪಿರ್ಲಿ."

"ಆರಿಸು, ಆರಿಸು. ನಾ ಬರೇ ನೋಡ್ತೇನಿ."

ಎರಡನೆಯ ದಿನ ಬಾಗಲಕೋಟೆ ಮುಟ್ಟಿದಾಗ ಹೊತ್ತು ಇಳಿದಿತ್ತು. "ನಾಳೆ ಮಧ್ಯಾಹ್ನ ನೂಲು ಹೇರಿದ ಕೂಡಲೆ ಹೊರಡೂದ," ಎಂದು ಮುತ್ತಪ್ಪ ಸ್ಟೇಶನ್ನಿನ ಕಡೆ ತಿರುಗಿದ. "ಅಷ್ಟರಾಗ ಏನ್ ಏರ್ತೀರೋ ಏರ್ರಿ."

ಘಟಪ್ರಭೆಯಲ್ಲಿ ಮಳೆಗಾಲದ ನೀರು ಇನ್ನೂ ಇತ್ತು. ಲಾಡಬಿ ದಂಡೆಯ ಮೇಲೆ ನಿಂತು ನೋಡಿದಳು. ಇಳಕಲ್ಲಿನ ಹಳ್ಳದಲ್ಲಿ ನೀರು ಇದ್ದಾಗಲೂ ಎಮ್ಮೆಯ ಬೆನ್ನು ಒಣಗಿಯೇ ಇರುತ್ತಿತ್ತು. ಇಲ್ಲಿ ಆ ದಂಡೆಯ ಮನುಷ್ಯರು ಜೋಳದ ಕಾಳಿನಷ್ಟು ಕಾಣುತ್ತಿದ್ದರು. ಕೆಳಗೆ ಮೂರು ತರದ ದೋಣಿಗಳಿದ್ದವು. ಸಂತೆಯ ಜನ, ಆಡು, ಹೇರುಗಳನ್ನು ದಾಟಿಸುವ ದೊಡ್ಡ ನಾವೆ. ಕುಂಬಳಕಾಯಿಯನ್ನು ಅರ್ಧ ಹೋಳು ಮಾಡಿದಂಥ ಗುಂಡನೆಯ ಹರಗೋಲು, ಬಿದಿರು ಹೆಣೆದು ಮೇಲೆ ತೊಗಲು ಬಿಗಿದದ್ದು. ಮತ್ತೆ, ಒಣಗಿದ ಸೋರೆಬುರುಡೆಗಳ ಮೇಲೆ ಗಳ ಕಟ್ಟಿದ ಒಂದು ತೆಪ್ಪ.

ನಾವೆಯ ಅಂಬಿಗ ಹುಚ್ಚೇಶ ಎಂಬವನು. "ಆ ದಂಡಿಗೆ ಬರ್ತೀರೇನ್ರಿ ಸಾಬರ?"

"ಇಲ್ಲ, ಈ ದಂಡಿಗೆ," ಎಂದರು ಯಾಕೂಬಸಾಬರು.

"ಈ ದಂಡಿ ಮ್ಯಾಲ ಅದೀರಲ್ರಿ."

"ಹೌದು. ಇಲ್ಲಿ ಏರಿ ಇಲ್ಲೇ ಇಳಿಯೂದು."

ಹುಚ್ಚೇಶ ಹುಟ್ಟು ಕೆಳಗಿಟ್ಟ. "ಹರಕಿ ಏನ್ರಿ?"

"ಅಲ್ಲ."

"ಯಾರರ ತೀರ್ಕೊಂಡಾರೇನು? ಏನರ ನೀರಿಗೆ ಬಿಡೂದೈತೇನು?"

"ಅಲ್ಲೋ ಪುಣ್ಯಾತ್ಮ!"

"ಹಂಗಾರ ಹೊಳಿ ಅಳತಿ ಮಾಡೋ ಸರಕಾರಿ ಮಂದಿ ಇರಬೇಕು."

"ನೋಡಾಕ," ಎಂದಳು ಲಾಡಬಿ ಸೆರಗಿನೊಳಗಿಂದ. "ಬಾಗಲಕೋಟಿ ನೋಡಾಕ."

"ಬಾಗಲಕೋಟಿ ನಿಮ್ಮ ಬೆನ್ನಿಗೆ ಐತಲ್ರಿ ಯವ್ವಾ. ಹಿಂದ ಹೊಳ್ಳಿ ನೋಡ್ರಿ, ಆತು."

ಆದರೂ ಇಬ್ಬರು ಗಿರಾಕಿಗಳು ಬಂದಿದ್ದಾರೆ ಎಂಬುದು ಉಳಿದವರಿಗೆ ತಿಳಿಯಿತು. ತೆಪ್ಪದ ಚಂದಪ್ಪ ಓಡಿ ಬಂದ. "ನನ್ನ ತೆಪ್ಪ ನೋಡ್ರಿ ಸಾಬರ! ಮುಳುಗೂ ಮಾತ ಇಲ್ಲ."

"ನೀರು ಮ್ಯಾಲ ಬರ್ತೈತೇನು?"

"ಬರ್ತೈತಿ. ಸೊಂಟದ ಮಟ, ಅಷ್ಟ. ಕೆಳಗ ತಂಪು, ಮ್ಯಾಲ ಗಾಳಿ. ಸುಖ!"

ಯಾಕೂಬಸಾಬರೊಳಗೆ ಪರೀಕ್ಷಕ ಎದ್ದು ನಿಂತ. ಲಾಡಬಿ ಬಾಯಿ ತೆರೆಯುವ ಮೊದಲೇ ಅವರು ತೆಪ್ಪದ ಸೋರೆಬುರುಡೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಕೇಳತೊಡಗಿದರು. ನಾವೆಯ ಹಗ್ಗದ ಹುರಿ ಬಿಚ್ಚಿ ನೋಡಿದರು. ಹುಟ್ಟನ್ನು ಮೂಸಿದರು. ಆಡುಗಳು ನಿಲ್ಲುವ ಜಾಗದಲ್ಲಿ ನಿಂತು ಕುಣಿದು ನೋಡಿದರು. ನಾವೆಯಲ್ಲಿ ಒಂದು ಅಡ್ಡ ಹಲಗೆ ಇತ್ತು. ಅದರ ಮೇಲೆ ಕುಳಿತರೆ ಕಾಲುಗಳು ಕೆಳಗೆ ಜೋತು ಬೀಳುತ್ತಿದ್ದವು. ಅವರ ಮುಖ ಅರಳಿತು.

"ಲಾಡಬಿ, ಇದ ಆರಿಸು."

"ನೀ ಆರಿಸು ಅಂದಿದ್ರಲ್ಲಾ?"

"ಅದಕ್ಕ ಹೇಳಾಕತ್ತೇನಿ, ಇದ ಆರಿಸು ಅಂತ."

"ನಾವ್ಯಾಗ ಏರಿದವರು ಆ ದಂಡಿಗೆ ಇಳೀಬೇಕು," ಎಂದು ಹುಚ್ಚೇಶ ಮಧ್ಯೆ ಬಾಯಿ ಹಾಕಿದ. "ಮಂದಿ ಕೂಡೋತನಕ ನಾವಿ ತಿರುಗಿ ಬರೂದಿಲ್ಲ. ಸಂತಿ ಇದ್ರ ಈಗ, ಇಲ್ಲಾಂದ್ರ ಯಾವಾಗೋ."

ಅದನ್ನು ಯಾಕೂಬಸಾಬರು ಒಪ್ಪಲಿಲ್ಲ. ಅವನಿಗೂ ಅವರಿಗೂ ವಾದ ಬೆಳೆಯಿತು. ವಾದ ಮುಗಿಯುವ ಹೊತ್ತಿಗೆ ಹೊಳೆಯ ಮೇಲಿನ ಬೆಳಕು ಹೋಗಿತ್ತು, ಅಂಬಿಗರು ಹುಟ್ಟು ಹೊತ್ತುಕೊಂಡು ಮನೆಗೆ ಹೊರಟಿದ್ದರು. ಹರಗೋಲನ್ನು ಮಾತ್ರ ಯಾಕೂಬಸಾಬರು ಮುಟ್ಟಿಯೂ ನೋಡಿರಲಿಲ್ಲ. "ಅದು ಬುಟ್ಟಿ. ಅದರಾಗ ನೋಡೂದೇನೈತಿ?" ಎಂದಿದ್ದರು.

ರಾತ್ರಿ ತಂಗುವ ಮುಸಾಫಿರಖಾನೆಗೆ ಲಾಡಬಿ ಗಂಡನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬುತ್ತಿ ಬಿಚ್ಚಿ ಗಂಡನ ಮುಂದೆ ಇಟ್ಟು ಗೋಡೆಯ ಕಡೆ ಮುಖ ಮಾಡಿದಳು. ಅವಳು ಬೈದಿದ್ದರೆ ಯಾಕೂಬಸಾಬರಿಗೆ ಊಟ ಸೇರುತ್ತಿತ್ತು. ಕಂಡಿಕೆಗಳೆಲ್ಲ ಉಳ್ಳಾಗಡ್ಡಿಯಾಗಿ ಅವರ ಕಣ್ಣ ಮುಂದೆ ಉರುಳಿದವು.

"ನಾಳೆ ನೀನ ಆರಿಸು. ನಾ ಬಾಯಿ ತೆಗಿಯೂದಿಲ್ಲ," ಎಂದರು.

"ಕೈನೂ ತೆಗೀಬ್ಯಾಡ್ರಿ," ಎಂದಳು ಲಾಡಬಿ ಗೋಡೆಗೆ.

ಮರುದಿನ ಬಿಸಿಲು ಏರುವ ಮೊದಲೇ ಅವಳು ಮುಂದೆ, ಕರದಂಟಿನ ಪೊಟ್ಟಣ ಹಿಡಿದ ಅವರು ಹಿಂದೆ, ಹೊಳೆಗೆ ಬಂದರು. ಹುಚ್ಚೇಶ ಕೂಗಿದ, ಚಂದಪ್ಪ ಕೂಗಿದ. ಲಾಡಬಿ ಇಬ್ಬರನ್ನೂ ದಾಟಿ ಹರಗೋಲಿನ ಹತ್ತಿರ ಹೋಗಿ ನಿಂತಳು. ಅದರ ಪಕ್ಕದಲ್ಲಿ ಚಂದ್ರವ್ವ ಎಂಬ ಗಟ್ಟಿಮುಟ್ಟಾದ ಹೆಂಗಸು ಸೀರೆಯನ್ನು ಕಚ್ಚೆ ಬಿಗಿದು, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಗಂಡನಿಗೆ ಜ್ವರ ಬಂದು ಈ ವಾರ ಹುಟ್ಟು ಅವಳ ಕೈಯಲ್ಲಿತ್ತು.

"ಅಕ್ಕಾ, ಇದಕ್ಕ ಮುಂದ ಯಾವುದು, ಹಿಂದ ಯಾವುದು?" ಎಂದು ಲಾಡಬಿ ಕೇಳಿದಳು.

"ಇದಕ್ಕ ಮುಂದೂ ಇಲ್ಲ, ಹಿಂದೂ ಇಲ್ಲ ತಂಗಿ. ತಿರುಗ್ಕೋತ ಹೊಕ್ಕೈತಿ."

ಲಾಡಬಿ ಸ್ವಲ್ಪ ಹೊತ್ತು ಯೋಚಿಸಿದಳು. ದುರ್ಗವ್ವನ ಹಳದಿ ನಾವೆ ನೆಟ್ಟಗೆ ಹೋಗಿ ನೆಟ್ಟಗೆ ಬಂದಿತ್ತು. ಆಕೆ ಕಾಶಿಯ ಒಂದೇ ಮಗ್ಗುಲನ್ನು ನೋಡಿದ್ದಳು. ಇನ್ನೊಂದು ಮಗ್ಗುಲಿನಲ್ಲಿ ಏನಿತ್ತು ಎಂದು ಕೇಳಿದಾಗ "ಕುತ್ತಗಿ ಹೊಳ್ಳಲಿಲ್ಲವಾ" ಎಂದಿದ್ದಳು. ಇದು ತಾನಾಗಿಯೇ ತಿರುಗುವುದಾದರೆ ಕುತ್ತಿಗೆಯ ಕೆಲಸವೇ ಇಲ್ಲ.

ಅವಳು ಬೊಟ್ಟು ಮಾಡಿ ತೋರಿಸಿದಳು. "ಇದು."

ಯಾಕೂಬಸಾಬರ ಕೈ ಹರಗೋಲಿನ ತೊಗಲಿನ ಕಡೆ ಹೊರಟಿತು. ಲಾಡಬಿ ಅವರ ಮುಖ ನೋಡಿದಳು. ಕೈ ತಿರುಗಿ ಬಂದು ಕರದಂಟಿನ ಪೊಟ್ಟಣವನ್ನು ಬಿಗಿಯಾಗಿ ಹಿಡಿಯಿತು.

"ಕಾಲ ಮಡಚಿ ಕೂಡ್ರಿ ಸಾಬರ," ಎಂದಳು ಚಂದ್ರವ್ವ. "ಹರಗೋಲಿನ್ಯಾಗ ಕಾಲ ಅಲ್ಲಾಡಿಸಬಾರದು. ಆನಿ ಕೂತರೂ ನಡೀತೈತಿ, ಅಲ್ಲಾಡಬಾರದು."

ಅವರು ಮಡಚಿ ಕುಳಿತರು. ಹರಗೋಲು ಹೊರಟಿತು. ಸ್ವಲ್ಪ ದೂರದವರೆಗೆ ಎಲ್ಲವೂ ಚೆನ್ನಾಗಿತ್ತು. ಊರು ನಿಧಾನವಾಗಿ ಅವರ ಸುತ್ತ ತಿರುಗತೊಡಗಿತು. ಬಟ್ಟೆ ಒಗೆಯುವ ಕಲ್ಲುಗಳು ಬಂದವು, ಮಣ್ಣಿನ ಮಾಳಿಗೆಗಳು ಬಂದವು, ಮಸೂತಿಯ ಮಿನಾರು ಬಂತು, ಒಂದು ಗುಡಿಯ ಶಿಖರ ಬಂತು, ಆಮೇಲೆ ಆ ದಂಡೆಯ ಜೋಳದ ಹೊಲಗಳು ಬಂದವು, ಮತ್ತೆ ಬಟ್ಟೆಯ ಕಲ್ಲುಗಳು. ಲಾಡಬಿಯ ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಂದಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ. "ಅಲ್ನೋಡ್ರಿ! ಅಲ್ನೋಡ್ರಿ!" ಎನ್ನುತ್ತಿದ್ದಳು. ಅಲ್ಲಿ ಎಂದರೆ ಎಲ್ಲಿ ಎಂದು ನೋಡುವಷ್ಟರಲ್ಲಿ ಅದು ಬೇರೆ ಕಡೆ ಹೋಗಿರುತ್ತಿತ್ತು.

ನಡುಹೊಳೆಯಲ್ಲಿ ಯಾಕೂಬಸಾಬರು ಕೆಳಗೆ ನೋಡಿದರು. ನೀರು ಕಪ್ಪಾಗಿತ್ತು. ಅವರ ಎದೆ ಹೊಡೆದುಕೊಂಡಿತು. ಎದೆ ಹೊಡೆದುಕೊಂಡದ್ದೇ ತಡ, ಮಡಚಿದ ಕಾಲುಗಳು ಬಿಚ್ಚಿಕೊಂಡವು. ಬಲಗಾಲು ತುಳಿಯಿತು. ಎಡಗಾಲು ತುಳಿಯಿತು.

ಹರಗೋಲು ಬಲಕ್ಕೆ ವಾಲಿತು, ಎಡಕ್ಕೆ ವಾಲಿತು.

"ಸಾಬರ, ಕಾಲ!"

"ನಾ ಅಲ್ಲ ಚಂದ್ರವ್ವ, ತಾವ ಹೊಂಟಾವು!"

ಕಾಲು ನಡೆದರೆ ಕೈ ಸುಮ್ಮನಿರುವುದು ಹೇಗೆ? ಅವರ ಬಲಗೈ ಪೊಟ್ಟಣವನ್ನು ಎಡಗೈಗೆ ಎಸೆಯಿತು. ಎಡಗೈ ಬಲಗೈಗೆ ಎಸೆಯಿತು. ತುಳಿತಕ್ಕೊಂದು ಎಸೆತ, ತಪ್ಪದೆ. ಕರದಂಟು ಲಾಳಿಯಾಗಿ ಓಡಾಡಿತು. ಲಾಡಬಿ ಅದನ್ನು ಹಿಡಿಯಲು ಕೈ ಚಾಚಿದಳು. ಅದು ಅವಳ ಬೆರಳು ತಾಗಿ ಮೇಲೆ ಹಾರಿ ಘಟಪ್ರಭೆಗೆ ಬಿತ್ತು. ಹರಗೋಲು ಈಗ ಬುಗುರಿಯಂತೆ ತಿರುಗುತ್ತಿತ್ತು. ಮಸೂತಿ, ಗುಡಿ, ಕಲ್ಲು, ಹೊಲ, ಮಸೂತಿ, ಗುಡಿ, ಎಲ್ಲ ಒಂದರ ಬಾಲ ಒಂದು ಹಿಡಿದು ಓಡಿದವು. ಯಾಕೂಬಸಾಬರು ಕಣ್ಣು ಮುಚ್ಚಿ ಇನ್ನೂ ಜೋರಾಗಿ ತುಳಿದರು, ಮಗ್ಗದಲ್ಲಿ ಅವಸರದ ಸೀರೆ ಇಳಿಸುವಾಗ ತುಳಿದ ಹಾಗೆ.

ಫಟ್ ಎಂದಿತು.

ಅವರ ಬಲಗಾಲು ಮೊಣಕಾಲಿನವರೆಗೆ ಹರಗೋಲಿನ ತಳದಿಂದ ಹೊರಗೆ ಹೋಗಿತ್ತು. ಅಲ್ಲಿ ಹಿಂದೊಮ್ಮೆ ಬಿದಿರು ಮುರಿದು ತೊಗಲಿಗೆ ಒಂದು ತ್ಯಾಪೆ ಹಾಕಿದ್ದರು.

"ಅಯ್ಯೋ, ನೀರು ಬಂತು!" ಎಂದು ಅವರು ಕಾಲು ಎಳೆಯಲು ಹೋದರು.

"ತೆಗೀಬ್ಯಾಡ್ರೀ!" ಎಂದು ಚಂದ್ರವ್ವ ಹುಟ್ಟು ಎತ್ತಿ ಕೂಗಿದಳು. "ಕಾಲ ತೆಗದ್ರ ಎಲ್ಲಾರೂ ತಳಕ್ಕ! ಅಲ್ಲೇ ಇರ್ಲಿ! ಬೂಚು ಹಾಕಿದಂಗ ಇರ್ಲಿ!"

ಲಾಡಬಿ ಸೆರಗಿನ ತುದಿ ಹರಿದು ಗಂಡನ ಮೊಣಕಾಲಿನ ಸುತ್ತ ತುರುಕಿದಳು. ನೀರು ನಿಂತಿತು. ಎಲ್ಲರೂ ಒಂದು ಉಸಿರು ಬಿಟ್ಟರು.

ಆಗ ಒಂದು ವಿಚಿತ್ರ ನಡೆಯಿತು. ಯಾಕೂಬಸಾಬರ ಎದೆ ನಿಧಾನವಾಯಿತು. ಅವರು ಈಗ ಒಂದು ಅಂಚಿನಲ್ಲಿ ಕುಳಿತಿದ್ದರು, ಒಂದು ಕಾಲು ಕೆಳಗೆ ಕುಣಿಯೊಳಗೆ ಇಳಿದಿತ್ತು. ಕುಣಿ ಸ್ವಲ್ಪ ತಣ್ಣಗಿತ್ತು, ಅಷ್ಟೇ. ಊರು ಬಿಟ್ಟ ಮೇಲೆ ಮೊದಲ ಸಲ ಅವರಿಗೆ ಸರಿಯಾಗಿ ಕುಳಿತ ಹಾಗಾಯಿತು. ಆದರೂ ಹೆದರಿಕೆ ಪೂರ್ತಿ ಹೋಗಿರಲಿಲ್ಲ.

"ಚಂದ್ರವ್ವ, ಹಿಂದಕ್ಕ ನಡಿಯವಾ. ನೆಟ್ಟಗ ದಂಡಿಗೆ."

ಚಂದ್ರವ್ವ ಲಾಡಬಿಯ ಕಡೆ ನೋಡಿದಳು. "ಹರಗೋಲು ಆರಿಸಿದಾಕಿ ನೀನು ತಂಗಿ. ನೀ ಏನಂತಿ? ಸಾಬರು ಕಾಲ ಹಿಂಗ ಇಟ್ಟರ ಇನ್ನೊಂದು ಸುತ್ತು ಹೊಡೀಬಹುದು. ಮುಳುಗೂದಿಲ್ಲ."

ಲಾಡಬಿ ಗಂಡನನ್ನು ನೋಡಿದಳು, ಹೊಳೆಯನ್ನು ನೋಡಿದಳು. ಆಗ ಸ್ಟೇಶನ್ನಿನ ಕಡೆಯಿಂದ ರೈಲಿನ ಸೀಟಿ ಕೇಳಿಸಿತು. ಮಾಳಿಗೆಗಳ ಹಿಂದೆ ಕಪ್ಪು ಹೊಗೆ ಎದ್ದಿತು. ಹರಗೋಲು ಮೆಲ್ಲಗೆ ಬೇರೆ ಕಡೆ ಹೊರಳುತ್ತಿತ್ತು.

"ಬೇಗಂ," ಎಂದರು ಯಾಕೂಬಸಾಬರು. ಅವರು ಅವಳನ್ನು ಹಾಗೆ ಕರೆದು ಬಹಳ ವರ್ಷಗಳಾಗಿದ್ದವು. "ಹಿಂದಕ್ಕ ಹೋಗೂಣು."

"ನೋವಾಗೈತೇನ್ರಿ?"

"ನೋವೇನಿಲ್ಲ."

"ಥಂಡಿ?"

"ಥಂಡೀನೂ ಅಷ್ಟಿಲ್ಲ."

"ಹಂಗಾರ ಕೂಡ್ರಿ. ನಾ ಇನ್ನೂ ಪೂರಾ ನೋಡಿಲ್ಲ," ಎಂದಳು ಲಾಡಬಿ. "ಅಕ್ಕಾ, ಹೊಗಿ ಕಾಣೋ ಕಡೆ ತಿರುಗಿಸು."

ಚಂದ್ರವ್ವ ಹುಟ್ಟು ಹಾಕಿದಳು. ಲಾಡಬಿ ನಿಧಾನವಾಗಿ, ಒಂದನ್ನೂ ಬಿಡದೆ ನೋಡಿದಳು. ಹೊಗೆ ಮಾಳಿಗೆಗಳ ಮೇಲೆ ಉದ್ದವಾಗಿ ಹರಡಿ, ಮಿನಾರಿನ ಹತ್ತಿರ ತೆಳುವಾಗಿ, ಆಮೇಲೆ ಇಲ್ಲವಾಗುವವರೆಗೆ ನೋಡಿದಳು. ಒಂದು ಮಾಳಿಗೆಯ ಮೇಲೆ ಒಬ್ಬಾಕೆ ಶ್ಯಾವಿಗೆ ಒಣಹಾಕುತ್ತಿದ್ದಳು. ಲಾಡಬಿ ಅವಳಿಗೆ ಕೈ ಬೀಸಿದಳು. ಆಕೆಯೂ ಯಾರೋ ಪರಿಚಯದವರಿರಬೇಕೆಂದು ಕೈ ಬೀಸಿದಳು.

ಅಷ್ಟರಲ್ಲಿ ಹುಚ್ಚೇಶನ ನಾವೆ ಎದುರಿಗೆ ಬಂತು. ಅದರ ಜನರೆಲ್ಲ ಒಂದೇ ಕಡೆಗೆ ಬಂದು ಬಗ್ಗಿ ನೋಡಿದರು. ನಾವೆ ವಾಲಿತು, ಆಡುಗಳು ಬೊಬ್ಬೆ ಹಾಕಿದವು. "ಸಾಬರ, ನನ್ನ ನಾವ್ಯಾಗ ಹಲಗಿ ಇತ್ತಲ್ರೀ!" ಎಂದು ಹುಚ್ಚೇಶ ಕೂಗಿದ. ದಂಡೆಯ ಮೇಲೂ ಜನ ಸೇರಿದ್ದರು. ಬಾಗಲಕೋಟೆಯನ್ನು ನೋಡಲು ಇಳಕಲ್ಲಿನಿಂದ ಬಂದವರನ್ನು ನೋಡಲು ಅರ್ಧ ಬಾಗಲಕೋಟೆ ಬಂದಿತ್ತು. ಯಾಕೂಬಸಾಬರು ಗಂಭೀರವಾಗಿ ಗಡ್ಡ ನೇವರಿಸಿಕೊಂಡು, ಏನೂ ಆಗದವರಂತೆ ಮಿನಾರಿನ ಕಡೆ ನೋಡುತ್ತ ಕುಳಿತರು.

ದಂಡೆಯ ಹತ್ತಿರ ನೀರು ಕಡಿಮೆಯಾದಂತೆ ಅವರ ಕಾಲು ನೆಲಕ್ಕೆ ತಾಗಿತು. ನೆಲ ಸಿಕ್ಕ ಕಾಲು ಸುಮ್ಮನಿದ್ದೀತೇ? ತುಳಿಯಿತು. ಹರಗೋಲು ಒಂದು ಮಾರು ಮುಂದೆ ಹೋಯಿತು. ಮತ್ತೆ ತುಳಿಯಿತು. ಚಂದ್ರವ್ವ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಎಲೆ ಅಡಿಕೆ ಹಾಕಿಕೊಂಡಳು. ಯಾಕೂಬಸಾಬರು ಒಂಟಿಗಾಲಿನಿಂದ ಇಬ್ಬರು ಹೆಂಗಸರನ್ನು ದಂಡೆಗೆ ತಂದು ಮುಟ್ಟಿಸಿದರು. ಜನ ಸೀಟಿ ಹೊಡೆದರು. ನಾಲ್ಕು ಮಂದಿ ಹರಗೋಲನ್ನು ಎತ್ತಿ ಹಿಡಿದು, ತೆಪ್ಪದ ಚಂದಪ್ಪ ಕಾಲನ್ನು ಕೆಳಗಿನಿಂದ ತಳ್ಳಿ, ಅವರನ್ನು ಬಿಡಿಸಿದರು.

ಯಾಕೂಬಸಾಬರು ತೂತಿನ ಬಗ್ಗೆ ಏನೋ ಹೇಳಲು ಹೋದರು. ಚಂದ್ರವ್ವ ಕೇಳಲಿಲ್ಲ. "ಆ ತ್ಯಾಪಿ ನಾ ಹಾಕಿದ್ದಲ್ರಿ, ನನ್ನ ಗಂಡ ಹಾಕಿದ್ದು. ಇದು ತಡಿಯೂದಿಲ್ಲ ಅಂತ ಅವತ್ತ ಹೇಳಿದ್ದೆ. ಜ್ವರ ಬಂದೈತಂತ ಜ್ವರ! ಬಂದೆ ತಡಿ," ಎಂದು ಹುಟ್ಟು ಹೆಗಲಿಗೇರಿಸಿ ಮನೆಯ ಕಡೆ ಹೊರಟಳು.

ಮುತ್ತಪ್ಪ ನೂಲು ಹೇರುವುದರಲ್ಲಿ ಇದ್ದುದರಿಂದ ಇದೊಂದೂ ಅವನ ಕಣ್ಣಿಗೆ ಬೀಳಲಿಲ್ಲ. ಗಾಡಿ ಅಮೀನಗಡ ದಾಟಿದ ಮೇಲೆ ಯಾಕೂಬಸಾಬರು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. "ಊರಾಗ ಹೇಳ್ತಿಯೇನು?"

"ಏನನ್ನ?"

"ಅದ... ಕಾಲಿನ ಸುದ್ದಿ."

"ನೋಡೂಣು," ಎಂದಳು ಲಾಡಬಿ.

ಊರಿಗೆ ಬಂದ ಮರುದಿನವೇ ಓಣಿಯ ಹೆಂಗಸರು ಅವಳ ರಾಟಿಯ ಸುತ್ತ ಸೇರಿದರು. ದುರ್ಗವ್ವ ಎಲ್ಲರಿಗಿಂತ ಮುಂದೆ ಕುಳಿತಳು. ಯಾಕೂಬಸಾಬರು ಉದ್ದನೂಲಿನ ಹೊಸ ಹಾಸನ್ನು ಮಗ್ಗಕ್ಕೆ ಏರಿಸಿ, ಕುಣಿಗೆ ಇಳಿದು, ಖಾಲಿ ಲಾಳಿ ಹಿಡಿದು ಕಾದರು. ಲಾಡಬಿ ಹೇಳತೊಡಗಿದಳು. ರಾಟಿ ತಿರುಗಿಸುವ ಕೈ ಗಾಳಿಯಲ್ಲಿ ಹರಗೋಲು ತಿರುಗಿಸುತ್ತಿತ್ತು.

"ಲಾಡಬಿ, ಕಂಡಿಕಿ," ಎಂದರು ಯಾಕೂಬಸಾಬರು.

"ತಡೀರಿ, ಇನ್ನೂ ಹೊಳಿ ನಡುವ ಅದೇವಿ."

ಮರುದಿನವೂ ಅವರು ಹೊಳೆಯ ನಡುವೆಯೇ ಇದ್ದರು. ಶ್ಯಾವಿಗೆ ಒಣಹಾಕಿದಾಕೆಯ ಸೀರೆಯ ಬಣ್ಣದ ಬಗ್ಗೆಯೇ ಒಂದು ಮಧ್ಯಾಹ್ನ ಹೋಯಿತು. ಮೂರನೆಯ ದಿನ ಯಾಕೂಬಸಾಬರು ಕುಣಿಯಿಂದ ಕತ್ತು ಉದ್ದ ಮಾಡಿ ಕೇಳಿದರು. "ಈಗ ಎಲ್ಲಿ ಅದೀರಿ?"

"ರೈಲಿನ ಹೊಗಿ ಬಂತು. ಇನ್ನೇನು ದಂಡಿಗೆ ಹೊಳ್ಳತೇವಿ."

ದುರ್ಗವ್ವನಿಗೆ ಇದನ್ನು ಸಹಿಸಲಾಗಲಿಲ್ಲ. ಎರಡೂ ಮಗ್ಗುಲು ನೋಡಿದ್ದು, ಹೆಂಗಸು ಹುಟ್ಟು ಹಾಕಿದ್ದು, ಇವೆಲ್ಲ ಆಕೆಯ ಕಾಶಿಯಲ್ಲಿರಲಿಲ್ಲ. ಆಕೆ ಹುಡುಕಿ ಹುಡುಕಿ ಒಂದು ಪ್ರಶ್ನೆ ತೆಗೆದಳು. "ಎಲ್ಲಾ ಖರೆ ಅಂತ ಹಿಡಿ. ಅಷ್ಟೊತ್ತು ಈ ಯಾಕೂಬ ಏನ್ ಮಾಡ್ತಿದ್ದ? ಈತ ಒಂದ ಕಡೆ ಕೂಡೂ ಮನಷ್ಯಾ ಅಲ್ಲ."

ಕುಣಿಯಲ್ಲಿ ಕಾಲುಗಳು ನಿಂತವು. ಓಣಿಯ ಹೆಂಗಸರೆಲ್ಲ ಲಾಡಬಿಯ ಬಾಯಿ ನೋಡಿದರು. ಯಾಕೂಬಸಾಬರು ಲಾಳಿಯನ್ನು ಬಿಸಿಲಿಗೆ ಹಿಡಿದು ಅದರೊಳಗೆ ಏನೋ ಹುಡುಕುತ್ತಿದ್ದರು.

"ಅವರಾ?" ಎಂದಳು ಲಾಡಬಿ. ನೂಲಿನ ಎಳೆಯೊಂದನ್ನು ಬೆರಳಿನಿಂದ ಎತ್ತಿ ಕೊಳವೆಗೆ ಸಿಕ್ಕಿಸಿದಳು. "ಅವರು ಹೊಳ್ಯಾಗ ಕಾಲ ಇಳಿಬಿಟ್ಕೊಂಡು ಆರಾಮ ಕುಂತಿದ್ರು. ಅವರು ಕುಂತಿದ್ರಿಂದನ ನಾವು ಅಷ್ಟು ಹೊತ್ತು ತಿರುಗಿದ್ದು."

"ಹೊಳ್ಯಾಗ ಕಾಲ ಇಳಿಬಿಟ್ಕೊಂಡಾ?"

"ಮೊಣಕಾಲ ಮಟ."

ದುರ್ಗವ್ವ ನೆಲದ ಮೇಲಿನ ನೂಲಿನ ತುಂಡೊಂದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು. "ಕಾಶ್ಯಾಗ ಹಂಗ ಬಿಡೂದಿಲ್ಲವಾ," ಎಂದು ಸಣ್ಣ ದನಿಯಲ್ಲಿ ಹೇಳಿದಳು.

ಲಾಡಬಿ ರಾಟಿಗೆ ಕೈ ಹಚ್ಚಿದಳು. ಅದು ಗುರ್ ಎಂದು ತಿರುಗಿತು. ಮೊದಲ ಕಂಡಿಕೆ ತುಂಬಿದ ಕೂಡಲೇ ಅದನ್ನು ಕುಣಿಯ ಕಡೆ ಎಸೆದಳು. ಯಾಕೂಬಸಾಬರು ಅದನ್ನು ಎರಡೂ ಕೈಯಿಂದ ಹಿಡಿದು ಲಾಳಿಯೊಳಗೆ ಇಟ್ಟರು. ಮಗ್ಗದ ಸದ್ದು ಎದ್ದಿತು. ಆ ಸದ್ದಿನಲ್ಲಿ ದುರ್ಗವ್ವ ಇನ್ನೂ ಏನೋ ಕೇಳುತ್ತಿದ್ದಳು, ಆ ಚಂದ್ರವ್ವ ಎಷ್ಟು ಎತ್ತರ ಇದ್ದಳು, ಹರಗೋಲಿನಲ್ಲಿ ಮುದುಕಿಯರನ್ನು ಕೂಡಿಸಿಕೊಳ್ಳುತ್ತಾರೋ ಇಲ್ಲವೋ ಎಂದು. ಲಾಡಬಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳಲು ದುರ್ಗವ್ವ ಎದ್ದು ಅವಳ ಹತ್ತಿರ ಬಂದು ಕುಳಿತಳು.